ಸೊನ್ನೆ ಟಿಕೆಟ್ಟಿನ ಅಮ್ಮ, ಹನ್ನೆರಡು ಕಂತಿನ ಮಗ

ಏಪ್ರಿಲ್ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದೇ ಪ್ರಶ್ನೆ. 'ಈ ಸಲ ಎಲ್ಲಿಗೆ?' ಮೊದಲೆಲ್ಲ 'ಊಟ ಆಯ್ತಾ' ಅಂತ ಕೇಳುತ್ತಿದ್ದರು. ಅದಕ್ಕೆ ಸುಳ್ಳು ಹೇಳಿದರೂ ನಡೆಯುತ್ತಿತ್ತು. ಇದಕ್ಕೆ ಸುಳ್ಳು ಹೇಳಿದರೆ ಸ್ಟೇಟಸ್ಸಿನಲ್ಲಿ ಫೋಟೊ ಎಲ್ಲಿ ಅಂತಾರೆ.

ಹೋದ ವರ್ಷ ನಾವು ಎಲ್ಲಿಗೂ ಹೋಗಲಿಲ್ಲ. ಶಾಲೆ ಶುರುವಾದ ಮೊದಲ ವಾರವೇ ಮಗನಿಗೆ 'ನನ್ನ ಬೇಸಿಗೆ ರಜೆ' ಪ್ರಬಂಧ. ಜೊತೆಗೆ ಫೋಟೊ ಅಂಟಿಸಬೇಕಂತೆ. ಪಕ್ಕದ ಬೆಂಚಿನ ಹುಡುಗ ಸಿಂಗಪುರದ ಸಿಂಹ ಅಂಟಿಸಿದ್ದ. ನಮ್ಮವನು ಬರೆದಿದ್ದ: 'ರಜೆಯಲ್ಲಿ ನಾವು ವಾಷಿಂಗ್ ಮಷಿನ್ ರಿಪೇರಿ ಮಾಡಿಸಿದೆವು. ಮೆಕ್ಯಾನಿಕ್ ಅಂಕಲ್ ಎರಡು ಸಲ ಬಂದರು. ತುಂಬ ಮಜಾ ಬಂತು.' ಕೆಳಗೆ ಮಷಿನ್ನಿನ ಫೋಟೊ. ಟೀಚರ್ ಕೆಂಪು ಇಂಕಿನಲ್ಲಿ 'ಗುಡ್' ಅಂತ ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆ ಚಿಹ್ನೆ ಮಗನಿಗೆ ಹಾಕಿದ್ದಲ್ಲ, ನನಗೆ ಹಾಕಿದ್ದು ಅಂತ ನನ್ನ ಹೆಂಡತಿ ಅರ್ಥ ಬಿಡಿಸಿದಳು.

ಹಾಗಾಗಿ ಈ ಸಲ ಮನೆಯಲ್ಲಿ ಸಭೆ ಕರೆದೆ. ವಿಷಯ: ಕೈ ಬಿಗಿ ಇರುವಾಗ ಪ್ರವಾಸ ಬೇಕೇ, ಬೇಡವೇ? ಅಧ್ಯಕ್ಷತೆ ನನ್ನದೇ, ಖಜಾನೆಯೂ ನನ್ನದೇ. ಖಜಾನೆಯಲ್ಲಿ ಏನೂ ಇರಲಿಲ್ಲ, ಅದು ಬೇರೆ ಮಾತು. ಅಮ್ಮ ಮೂಲೆಯಲ್ಲಿ ಕೂತು ಅವರೆಕಾಳು ಹಿಚುಕುವಂತೆ ನೆನೆಸಿದ ಬಾದಾಮಿ ಸಿಪ್ಪೆ ತೆಗೆಯುತ್ತಿದ್ದರು. ಅವರಿಗೆ ಸಭೆಯಲ್ಲಿ ಮತವಿರಲಿಲ್ಲ.

ತೀರ್ಮಾನಕ್ಕೆ ಮೊದಲು ಬಲ್ಲವರನ್ನು ಕೇಳೋಣ ಅಂತ ನಮ್ಮ ಅಸೋಸಿಯೇಷನ್ ಅಧ್ಯಕ್ಷರ ಹತ್ತಿರ ಹೋದೆ. ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರು. ಎಲ್ಲದಕ್ಕೂ ಅವರ ಹತ್ತಿರ ಒಂದು ಅಭಿಪ್ರಾಯ ಇರುತ್ತದೆ, ಇಲ್ಲದಿದ್ದರೆ ಸುತ್ತೋಲೆ ಇರುತ್ತದೆ. 'ಬಜೆಟ್ ಟೈಟ್ ಇರೋರಿಗೆ ಪ್ರವಾಸ ಯಾಕ್ರೀ?' ಅಂದರು. 'ಮನೇಲಿ ಕೂತು ಪುಸ್ತಕ ಓದಿ. ಟೆರೇಸಿನಲ್ಲಿ ನಕ್ಷತ್ರ ನೋಡಿ. ಸಂತೋಷ ಅನ್ನೋದು ಮನಸ್ಸಿನಲ್ಲಿದೆ.' ಇಷ್ಟು ಹೇಳುವಾಗ ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಅವರ ಸಂತೋಷದ ಫೋಟೊಗಳಿದ್ದವು. ಒಂದು ಅಂಡಮಾನಿನ ಸೆಲ್ಯುಲರ್ ಜೈಲಿನ ಮುಂದೆ. ಒಂದು ದಾಲ್ ಸರೋವರದ ದೋಣಿಯಲ್ಲಿ, ತಲೆಗೆ ಬಾಡಿಗೆಯ ಕಾಶ್ಮೀರಿ ಟೋಪಿ. ಒಂದು ಗುವಾಹಟಿಯ ಕಾಮಾಖ್ಯ ದೇವಸ್ಥಾನದ ಎದುರು. ಟೆರೇಸಿನಲ್ಲಿ ನಿಂತ ಫೋಟೊ ಒಂದೂ ಇರಲಿಲ್ಲ.

ಗಮನಿಸಿದ್ದೀರಾ? ದುಡ್ಡಿದ್ದವರ ಮನೆಯಲ್ಲಿ 'ಎಲ್ಲಿಗೆ' ಅನ್ನುವ ಪ್ರಶ್ನೆ ಮಾತ್ರ ಇರುತ್ತದೆ. 'ಯಾಕೆ' ಅನ್ನುವ ಪ್ರಶ್ನೆ ನಮ್ಮಂಥವರಿಗೇ ರಿಸರ್ವ್.

ಸರ್ಕಾರ ಏನು ಹೇಳುತ್ತದೆ ನೋಡೋಣ ಅಂದುಕೊಂಡೆ. 2019ರ ಆಗಸ್ಟ್ 15ರಂದು ಪ್ರಧಾನಿ ನರೇಂದ್ರ ಮೋದಿ ಕೆಂಪುಕೋಟೆಯ ಮೇಲಿಂದ ಕರೆ ಕೊಟ್ಟಿದ್ದರು: 2022ರೊಳಗೆ ದೇಶದ ಕನಿಷ್ಠ 15 ತಾಣಗಳನ್ನು ಕುಟುಂಬ ಸಮೇತ ನೋಡಿ. ನಾನು ಭಕ್ತಿಯಿಂದ ಪಟ್ಟಿ ಮಾಡಲು ಕೂತೆ. ಹದಿನೈದರಲ್ಲಿ ಎರಡು ಬರೆಯುವಷ್ಟರಲ್ಲಿ 2020ರ ಮಾರ್ಚ್ ಬಂತು. ಹಾಲು ತರಲು ಹೋದರೂ ಪೊಲೀಸರು 'ಎಲ್ಲಿಗೆ' ಅಂತ ಕೇಳತೊಡಗಿದರು. ಆ 'ಎಲ್ಲಿಗೆ'ಯಲ್ಲಿ ಲಿಫ್ಟಿನ ಮಂದಿಯ ಸೌಜನ್ಯ ಇರಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ನಡೆದದ್ದು ಇನ್ನೂ ಚೆಂದ. ಕೇಂದ್ರ ಸರ್ಕಾರಿ ನೌಕರರಿಗೆ ಎಲ್‌ಟಿಸಿ ಅಂತ ಒಂದಿದೆ. ನಾಲ್ಕು ವರ್ಷದ ಬ್ಲಾಕಿನಲ್ಲಿ ಎರಡು ಸಲ ಕುಟುಂಬ ಸಮೇತ ಪ್ರಯಾಣ, ಟಿಕೆಟ್ ದುಡ್ಡು ಸರ್ಕಾರದ್ದು. ಅಂಡಮಾನ್, ಕಾಶ್ಮೀರ, ಈಶಾನ್ಯಕ್ಕಾದರೆ ಸಾಮಾನ್ಯವಾಗಿ ವಿಮಾನದ ಅರ್ಹತೆ ಇಲ್ಲದವರಿಗೂ ವಿಮಾನ ಹತ್ತಲು ವಿಶೇಷ ಸಡಿಲಿಕೆ. ಅಧ್ಯಕ್ಷರ ಗೋಡೆಯ ಗುಟ್ಟು ಇಷ್ಟೇ. ಆದರೆ 2020ರಲ್ಲಿ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಹಾಗಾಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಒಂದು ಉಪಾಯ ಹೇಳಿದರು. ಪ್ರವಾಸ ಹೋಗಬೇಡಿ, ಪ್ರವಾಸದ ದುಡ್ಡು ತಗೊಳ್ಳಿ. ಷರತ್ತು ಏನೆಂದರೆ, ಟಿಕೆಟ್ ದರದ ಮೂರು ಪಟ್ಟು ಸಾಮಾನು ಕೊಳ್ಳಬೇಕು. ಆ ಸಾಮಾನಿಗೆ ಶೇ. 12 ಅಥವಾ ಅದಕ್ಕಿಂತ ಜಾಸ್ತಿ ಜಿಎಸ್‌ಟಿ ಇರಬೇಕು. 2021ರ ಮಾರ್ಚ್ 31ರೊಳಗೆ ಮುಗಿಸಬೇಕು.

ಅಂದರೆ ಫ್ರಿಜ್ ಕೂಡ ಪ್ರವಾಸವೇ. ಇದು ನಾನು ಹೇಳುತ್ತಿರುವುದಲ್ಲ, ಆರ್ಥಿಕ ನೀತಿ ಹೇಳಿದ್ದು. ಅಧ್ಯಕ್ಷರ ಅಡುಗೆಮನೆಯಲ್ಲಿ ಈಗಲೂ ಆ ಎರಡು ಬಾಗಿಲಿನ ಫ್ರಿಜ್ ಇದೆ. ಬಾಗಿಲು ತೆರೆದರೆ ಮುಖಕ್ಕೆ ತಣ್ಣನೆ ಗಾಳಿ ಬರುತ್ತದೆ, ದಾಲ್ ಸರೋವರದ್ದೇ ಗಾಳಿ. ಅಕ್ಕಿ, ತರಕಾರಿ ಕೊಂಡರೆ ಮಾತ್ರ ಪ್ರವಾಸ ಆಗುವುದಿಲ್ಲ. ಅದಕ್ಕೆ ತೆರಿಗೆ ಸಾಕಾಗುವುದಿಲ್ಲ. ನನ್ನ ಮಗನ ವಾಷಿಂಗ್ ಮಷಿನ್ ಪ್ರಬಂಧ ಸರ್ಕಾರಕ್ಕಿಂತ ಸ್ವಲ್ಪ ತಡವಾಗಿ ಬಂತು, ಅಷ್ಟೇ ತಪ್ಪು.

ಬಡವರ ಲಾಡ್ಜಿನ ಕಥೆಯನ್ನೂ ಹೇಳಿಬಿಡುತ್ತೇನೆ. ದಿನಕ್ಕೆ ಸಾವಿರ ರೂಪಾಯಿಯೊಳಗಿನ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ. 12 ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಿ, ಉಳಿತಾಯದ ಹಬ್ಬ ಅಂದರು. ಸೊನ್ನೆಯಿಂದ ಹನ್ನೆರಡಕ್ಕೆ ಹತ್ತಿಸಿ ಐದಕ್ಕೆ ಇಳಿಸಿದ್ದನ್ನು ಉಳಿತಾಯ ಅನ್ನಬೇಕಾದರೆ ನಮ್ಮ ಮೇಷ್ಟ್ರು ಕಲಿಸಿದ ಲೆಕ್ಕ ಸ್ವಲ್ಪ ಮರೆಯಬೇಕು. ಹಬ್ಬ ಅಂದಮೇಲೆ ಮರೆಯೋಣ ಬಿಡಿ.

ಇಷ್ಟೆಲ್ಲ ಅಧ್ಯಯನ ಆದಮೇಲೆ ನಾನು ಎಲ್ಲ ಮಧ್ಯಮ ವರ್ಗದವರು ಮಾಡುವುದನ್ನೇ ಮಾಡಿದೆ. ಸಾಲ ಮಾಡಿದೆ. ಅದನ್ನು ಈಗ ಸಾಲ ಅನ್ನುವುದಿಲ್ಲ. 'ಈಗ ಹೋಗಿ, ಆಮೇಲೆ ಕೊಡಿ' ಅಂತಾರೆ. ಬಡ್ಡಿ ಇಲ್ಲದ ಕಂತು. ಪ್ರೊಸೆಸಿಂಗ್ ಫೀ 500, ಅದರ ಮೇಲೆ ಜಿಎಸ್‌ಟಿ 90. ಹಿಂದೆ ಮದುವೆಗೆ ಸಾಲ ಮಾಡುತ್ತಿದ್ದರು, ಮನೆಗೆ ಸಾಲ ಮಾಡುತ್ತಿದ್ದರು. ಮನೆಗೆ ಮಾಡಿದ ಸಾಲ ತೀರಿಸಿ ತೀರಿಸಿ ಸುಸ್ತಾಗಿ, ಆ ಮನೆಯಿಂದ ಎರಡು ದಿನ ದೂರ ಇರಲು ಸಾಲ ಮಾಡುವುದು ನಮ್ಮ ಕಾಲದ ಪ್ರಗತಿ.

ಆರಿಸಿದ್ದು ಚಿಕ್ಕಮಗಳೂರು ಕಡೆಯ ಒಂದು ಹೋಮ್‌ಸ್ಟೇ. 'ಅಪ್ಪಟ ಮಲೆನಾಡಿನ ಅನುಭವ' ಅಂತ ಜಾಹೀರಾತು. ಇಬ್ಬರಿಗೆ ತಲಾ 2,500, ಮಗನಿಗೆ ಅರ್ಧ. ಎರಡು ರಾತ್ರಿಗೆ 12,500. ಕಾರಿನ ಬಾಡಿಗೆ 9,000. ಪೆಟ್ರೋಲು, ಟೋಲು, ದಾರಿಯ ತಿಂಡಿ 4,600. ಜೀಪಿಗೆ 1,500. ಒಟ್ಟು 27,600. ತಿಂಗಳಿಗೆ 2,300ರ ಹಾಗೆ ಹನ್ನೆರಡು ಕಂತು. ಎರಡು ರಾತ್ರಿಯ ನಿದ್ದೆಗೆ ಹನ್ನೆರಡು ತಿಂಗಳ ನಿದ್ದೆ ಅಡ.

ಅಮ್ಮನನ್ನು ಕರೆದೆ. 'ತಲೆಗೆ ಎರಡೂವರೆ ಸಾವಿರವಾ? ನಾನು ಬರಲ್ಲ, ನನ್ನ ಪಾಡಿಗೆ ನಾನಿರ್ತೀನಿ' ಅಂದರು. ಸುಮ್ನೆ ಹೇಳುತ್ತಾರೆ ಅಂದುಕೊಂಡೆ.

ಮುಳ್ಳಯ್ಯನಗಿರಿಗೆ ಹೋದೆವು. ರಾಜ್ಯದ ಅತಿ ಎತ್ತರದ ಶಿಖರ. ಈಗ ಅಲ್ಲಿಗೆ ಹೋಗಲು ಆನ್‌ಲೈನಿನಲ್ಲಿ ಸ್ಲಾಟ್ ಬುಕ್ ಮಾಡಬೇಕು, ದಂತವೈದ್ಯರ ಹತ್ತಿರ ಮಾಡುವ ಹಾಗೆ. ದಾರಿಯ ಉದ್ದಕ್ಕೂ ಬೆಂಗಳೂರಿನ ಕಾರುಗಳು. ಸಿಲ್ಕ್ ಬೋರ್ಡಿನಲ್ಲಿ ನಮ್ಮ ಮುಂದೆ ನಿಲ್ಲುವ ಕಾರುಗಳೇ ಇಲ್ಲಿಯೂ ನಮ್ಮ ಮುಂದೆ ನಿಂತಿದ್ದವು. ಒಂದು ವ್ಯತ್ಯಾಸ ಇತ್ತು. ಇಲ್ಲಿ ಗಾಜು ಇಳಿಸಿ ಹೊಗೆ ಕುಡಿದರೆ ಅದಕ್ಕೆ ಮಂಜು ಅಂತ ಹೆಸರು.

ಹೋಮ್‌ಸ್ಟೇಯಲ್ಲಿ ಹೆಂಚಿನ ಮನೆ, ಸೆಗಣಿ ಸಾರಿಸಿದ ಅಂಗಳ, ಬಾವಿ. ಬಚ್ಚಲಲ್ಲಿ ಸೌದೆ ಒಲೆ, ತಾಮ್ರದ ಹಂಡೆ. ಮಾಲೀಕರು ಹೆಮ್ಮೆಯಿಂದ ತೋರಿಸಿದರು. ನಾನು 'ವಾವ್' ಅಂದೆ. ಹಂಡೆಯ ಪಕ್ಕ ನಿಂತು ಸೆಲ್ಫಿಯನ್ನೂ ತೆಗೆದೆ. ಹೆಂಡತಿ ಸುಮ್ಮನೆ ನೋಡುತ್ತಿದ್ದಳು. ಅವಳ ತವರು ಕೊಪ್ಪದ ಹತ್ತಿರ. 'ನಮ್ಮಪ್ಪನ ಮನೆಯಲ್ಲೂ ಇದೇ ಹಂಡೆ ಇತ್ತು' ಅಂದಳು. 'ಮದುವೆಯಾದ ಹೊಸತರಲ್ಲಿ ಗೀಸರ್ ಇಲ್ಲ ಅಂತ ಎರಡನೇ ದಿನಕ್ಕೇ ಬಸ್ ಹತ್ತಿದ್ರಿ. ಆಗ ಬಿಟ್ಟಿ ಇತ್ತು ನೋಡಿ, ಹಾಗಾಗಿ ಚೆನ್ನಾಗಿರಲಿಲ್ಲ.' ಆ ಮನೆ ಈಗಿಲ್ಲ. ಮಾವ ತೀರಿಕೊಂಡ ಮೇಲೆ ಮಾರಿದರು. ಕೊಂಡವರು ಅದನ್ನೂ ಹೋಮ್‌ಸ್ಟೇ ಮಾಡಿದ್ದಾರಂತೆ. ಅಲ್ಲಿ ತಲೆಗೆ ಮೂರು ಸಾವಿರ.

ಮರುದಿನ ಬೆಳಗ್ಗೆ ಹೆಂಡತಿ ಅಭ್ಯಾಸಬಲದಿಂದ ಆರಕ್ಕೇ ಎದ್ದು ಅಡುಗೆಮನೆ ಹುಡುಕಿಕೊಂಡು ಹೋದಳು. ಅಲ್ಲಿದ್ದ ಹೆಂಗಸು 'ನೀವು ಕೂತ್ಕೊಳ್ಳಿ ಅಕ್ಕ' ಅಂತ ಜಗಲಿಗೆ ಕಳಿಸಿದಳಂತೆ. ನಾನು ಎದ್ದು ಬರುವಾಗ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ತಟ್ಟೆಯಲ್ಲಿ ಅಕ್ಕಿರೊಟ್ಟಿ, ಮೇಲೆ ಕರಗುತ್ತಿದ್ದ ಬೆಣ್ಣೆ. 'ರೊಟ್ಟಿ ಇಷ್ಟು ಬಿಸಿ ಇರುತ್ತೆ ಅಂತ ಮರೆತೇಹೋಗಿತ್ತು' ಅಂದಳು. ಮನೆಯಲ್ಲಿ ಬಿಸಿ ರೊಟ್ಟಿ ನಮಗೆ. ಅವಳ ಪಾಲಿನದು ಎಲ್ಲರದ್ದೂ ಆದಮೇಲೆ. 27,600ರಲ್ಲಿ ವಸೂಲಾಗಿದ್ದು ಆ ಒಂದು ತಟ್ಟೆ. ಉಳಿದದ್ದಕ್ಕೆ ನಾನು ಜವಾಬ್ದಾರನಲ್ಲ.

ನಾವು ವಾಪಸ್ ಬಂದಾಗ ಮನೆಗೆ ಬೀಗ. ಪಕ್ಕದ ಮನೆಯಲ್ಲಿ ಕೀಲಿ, ಜೊತೆಗೆ ಒಂದು ಸುದ್ದಿ: 'ಅಮ್ಮ ಶೃಂಗೇರಿಗೆ ಹೋಗಿದ್ದಾರೆ.'

ಅಮ್ಮ ಮತ್ತು ಬೀದಿಯ ಇನ್ನು ನಾಲ್ವರು. ವಯಸ್ಸು ಅರವತ್ತರ ಮೇಲೆ, ಲಗೇಜು ಒಂದೊಂದು ವೈರ್ ಬುಟ್ಟಿ, ದಾಖಲೆ ಆಧಾರ್ ಕಾರ್ಡು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗಿನಿಂದ ಇವರಿಗೆ ರಾಜ್ಯದ ಭೂಪಟ ಬಾಯಿಪಾಠ. ಕೆಂಪು ಬಸ್ಸಿಗೆ ಮಾತ್ರ ಹತ್ತಬೇಕು, ರಾಜಹಂಸ, ಐರಾವತ ನಮ್ಮದಲ್ಲ. ಮಂತ್ರಾಲಯ ಆಂಧ್ರದಲ್ಲಿದೆ, ಹಾಗಾಗಿ ರಾಯರಿಗೆ ಇಲ್ಲಿಂದಲೇ ನಮಸ್ಕಾರ. ಮಲೆನಾಡಿನಲ್ಲಿ ಖಾಸಗಿ ಬಸ್ಸು ಜಾಸ್ತಿ, ಅಲ್ಲಿ ಆಧಾರ್ ತೋರಿಸಿದರೆ ಕಂಡಕ್ಟರ್ ನಗುತ್ತಾನೆ. ಇವೆಲ್ಲ ಯಾವ ಟ್ರಾವೆಲ್ ವ್ಲಾಗರ್ ಕೂಡ ಹೇಳಿಕೊಡದ ಮಾಹಿತಿ.

ಈ ಹೆಂಗಸರು ಬಸ್ ಹತ್ತಿದ ದಿನದಿಂದ ಊರಿಗೆಲ್ಲ ಹೊಟ್ಟೆನೋವು. ವಾಟ್ಸಾಪಿನಲ್ಲಿ ಜೋಕು, ಕಟ್ಟೆಯಲ್ಲಿ ನಿಟ್ಟುಸಿರು. ಬಿಟ್ಟಿ ಸಿಕ್ಕಿತು ಅಂತ ಊರೂರು ಸುತ್ತುತ್ತಾರೆ, ಮನೆ ಹಾಳಾಯಿತು, ಖಜಾನೆ ಖಾಲಿಯಾಯಿತು. ಅಧ್ಯಕ್ಷರಂತೂ ಅಸೋಸಿಯೇಷನ್ ಗ್ರೂಪಿನಲ್ಲಿ ದಿನಕ್ಕೊಂದು ಲೇಖನ ಫಾರ್ವರ್ಡ್ ಮಾಡುತ್ತಾರೆ. ತೆರಿಗೆದಾರರ ದುಡ್ಡಲ್ಲಿ ಅಂಡಮಾನಿಗೆ ಹಾರಿದರೆ ಅದು ಸೇವಾ ಸೌಲಭ್ಯ. ತೆರಿಗೆದಾರರ ದುಡ್ಡಲ್ಲಿ ಶೃಂಗೇರಿಗೆ ಕೆಂಪು ಬಸ್ಸಿನಲ್ಲಿ ಮೊಣಕಾಲು ಮಡಚಿ ಕೂತು ಹೋದರೆ ಅದು ಬಿಟ್ಟಿ ತಿರುಗಾಟ. ಬಹುಶಃ ಎತ್ತರದ ಮೇಲೆ ನಿರ್ಧಾರವಾಗುತ್ತದೆ. ಮೂವತ್ತು ಸಾವಿರ ಅಡಿ ಮೇಲೆ ಹೋದರೆ ಬಿಟ್ಟಿ ಅನ್ನುವುದು ಕಾಣಿಸುವುದಿಲ್ಲ.

ಮೂರನೇ ದಿನ ಅಮ್ಮ ಬಂದರು. ಮುಖ ಬಿಸಿಲಿಗೆ ಕಂದಿತ್ತು, ಆದರೂ ಏನೋ ಹೊಳಪು. ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದ್ದನ್ನು ಮೂರು ಸಲ ಹೇಳಿದರು. ಮೀನುಗಳು ಕೈ ಹತ್ತಿರವೇ ಬಂದವಂತೆ. ಅಲ್ಲಿಂದ ಹೊರನಾಡಿಗೂ ಹೋಗಿದ್ದರು. 'ಪಂಕ್ತಿಯಲ್ಲಿ ಕೂರಿಸಿದರು ಕಣೋ. ನಾನು ಸುಮ್ನೆ ಕೂತೆ, ಅವರೇ ಬಡಿಸಿದರು. ಇನ್ನೂ ಸ್ವಲ್ಪ ಹಾಕಲಾ ಅಂತ ಬೇರೆ ಕೇಳಿದರು.' ಇದನ್ನು ಹೇಳುವಾಗ ಅವರು ನನ್ನ ಹೆಂಡತಿಯ ಕಡೆ ನೋಡಿದರು. ಅವಳು ತಲೆಯಾಡಿಸಿದಳು. ಅವರಿಬ್ಬರ ಮಧ್ಯೆ ಏನೋ ಪಾಸಾಯಿತು. ಸಭೆಯ ಅಧ್ಯಕ್ಷನಾದ ನನಗೆ ಅದರ ಪ್ರತಿ ಸಿಗಲಿಲ್ಲ.

ಒಟ್ಟು ಖರ್ಚು 410 ರೂಪಾಯಿ. ಖಾಸಗಿ ಬಸ್ಸು, ಮಂಡಕ್ಕಿ, ಎರಡು ಕಾಫಿ, ಮೊಮ್ಮಗನಿಗೊಂದು ಮರದ ಬುಗುರಿ. ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನು ಮಡಚಿ ಕುಂಕುಮದ ಡಬ್ಬಿಯಲ್ಲಿಟ್ಟರು. ಮಗ ಅದರಲ್ಲಿ ಎರಡನ್ನು ಈಗಲೇ ಕೇಳಿಟ್ಟುಕೊಂಡಿದ್ದಾನೆ, ಪ್ರಬಂಧಕ್ಕೆ ಅಂಟಿಸಲು. ಹಂಡೆಯ ಸೆಲ್ಫಿ ಬೇಡವಂತೆ.

ಸಂಜೆ ಅಮ್ಮ ಪ್ರಸಾದ ಹಂಚಲು ಹೊರಟರು. ನಾನೂ ಜೊತೆಗಿದ್ದೆ. ಲಿಫ್ಟಿನಲ್ಲಿ ಅಧ್ಯಕ್ಷರು ಸಿಕ್ಕರು.

'ಏನಮ್ಮಾ, ಬಿಟ್ಟಿ ಬಸ್ಸಲ್ಲಿ ಭರ್ಜರಿ ಸವಾರಿ ಮುಗೀತಾ?' ಅಂದರು ನಗುತ್ತಾ.

ಅಮ್ಮನೂ ನಕ್ಕು ಅವರ ಅಂಗೈಗೆ ಕುಂಕುಮದ ಪೊಟ್ಟಣ ಇಟ್ಟರು. 'ಮುಗೀತಪ್ಪ. ಬರೋ ಸೋಮವಾರ ಕೊಲ್ಲೂರು. ನಿಮ್ಮ ಮನೆಯವರೂ ಬರ್ತಾರಂತೆ. ಅವರ ಆಧಾರ್ ಕಾರ್ಡು ನಿಮ್ಮ ಬೀರುವಿನಲ್ಲಿದೆಯಂತಲ್ಲ, ಸ್ವಲ್ಪ ತೆಗೆದುಕೊಡಿ.'