ನಮ್ಮ ವಿಶ್ವವಿದ್ಯಾಲಯದ ಲೈಬ್ರರಿ ಮೊದಲು ನಮ್ಮದನ್ನ ಕೊಡಲಿ

ಊರಿಗೆ ಬಂದಾಗ ಕಾಲೇಜು ಮೇಷ್ಟ್ರುಗಳ ಜೊತೆ ಮಾತಿಗೆ ಕೂತರೆ ಈ ಮಾತು ಬಂದೇ ಬರುತ್ತದೆ. ಎಲ್ಲ ಆನ್‌ಲೈನ್ ಸಿಗುತ್ತಲ್ಲ, ಇನ್ನು ಅಷ್ಟು ದೊಡ್ಡ ಲೈಬ್ರರಿ ಕಟ್ಟಡ ಯಾಕೆ ಬೇಕು? ವಿಜ್ಞಾನ, ಎಂಜಿನಿಯರಿಂಗ್ ಓದುವವರ ಮಟ್ಟಿಗೆ ಇದರಲ್ಲಿ ಅರ್ಧ ನಿಜ ಇರಬಹುದು. ಕನ್ನಡದ ಮಟ್ಟಿಗೆ, ಕರ್ನಾಟಕದ ಮಟ್ಟಿಗೆ ಇದು ನಿಜ ಅಲ್ಲವೇ ಅಲ್ಲ. ನಾನು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಕೂತು ಕನ್ನಡದ ಪುಸ್ತಕ, ಪ್ರಬಂಧ ಹುಡುಕುವ ನನಗೆ ಅದು ದಿನಾ ಗೊತ್ತಾಗುತ್ತದೆ.

ಇಲ್ಲಿನ ಮುಖ್ಯ ಲೈಬ್ರರಿ ರೀಗನ್‌ಸ್ಟೈನ್, 1970ರಲ್ಲಿ ತೆರೆದದ್ದು. ಜಾಗ ಸಾಲದೆ ಹೋದಾಗ ಇವರ ಮುಂದೆ ಸುಲಭದ ದಾರಿ ಇತ್ತು. ಹಳೇ ಪುಸ್ತಕಗಳನ್ನು ಊರಾಚೆಯ ಗೋದಾಮಿಗೆ ಸಾಗಿಸಿ, ಡಿಜಿಟಲ್ ಕಾಲ ಬಂತು ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಬೇರೆ ಎಷ್ಟೋ ವಿಶ್ವವಿದ್ಯಾಲಯಗಳು ಹಾಗೆ ಗೋದಾಮಿಗೆ ಸಾಗಿಸಿವೆ. ಇವರು ಹಾಗೆ ಮಾಡದೆ, 8 ಕೋಟಿ ಡಾಲರಿಗೂ ಜಾಸ್ತಿ ಖರ್ಚು ಮಾಡಿ ಪಕ್ಕದಲ್ಲೇ ಮ್ಯಾನ್ಸುಯೆಟೊ ಅಂತ ಇನ್ನೊಂದು ಲೈಬ್ರರಿ ಕಟ್ಟಿದರು. ತೆರೆದದ್ದು 2011ರಲ್ಲಿ, ಅಂದರೆ ಇ-ಬುಕ್ಕಿನ ಅಬ್ಬರ ಜೋರಾಗಿದ್ದ ಹೊತ್ತಿನಲ್ಲಿ. ಮೇಲೆ ಗಾಜಿನ ಗುಮ್ಮಟ, ಅದರ ಕೆಳಗೆ ಓದುವ ಮೇಜುಗಳು. ಅದಕ್ಕೂ ಕೆಳಗೆ, ನೆಲದಡಿ ಐವತ್ತು ಅಡಿ ಆಳದವರೆಗೆ, ಪುಸ್ತಕ ತುಂಬಿದ ಕಬ್ಬಿಣದ ಪೆಟ್ಟಿಗೆಗಳು. 35 ಲಕ್ಷ ಪುಸ್ತಕ ಹಿಡಿಸುವಷ್ಟು ಜಾಗ. ಅಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಇಡುವುದಿಲ್ಲ, ಅಳತೆಯ ಪ್ರಕಾರ ಇಡುತ್ತಾರೆ. ನಾವು ಕಂಪ್ಯೂಟರಿನಲ್ಲಿ ಕೇಳಿದರೆ ಯಂತ್ರವೇ ಹೋಗಿ ಆ ಪೆಟ್ಟಿಗೆ ಎಳೆದು ಮೇಲಕ್ಕೆ ತರುತ್ತದೆ. ಕೆಲವೇ ನಿಮಿಷದಲ್ಲಿ ಪುಸ್ತಕ ಕೈಯಲ್ಲಿ. ಕಪಾಟಿನ ಮುಂದೆ ಸುಮ್ನೆ ಅಡ್ಡಾಡುತ್ತಾ ಇನ್ಯಾವುದೋ ಪುಸ್ತಕ ಕಣ್ಣಿಗೆ ಬೀಳುವ ಸುಖ ಅಲ್ಲಿ ಇಲ್ಲ, ಅದು ನಷ್ಟವೇ. ಆದರೆ ಪುಸ್ತಕ ಊರು ಬಿಟ್ಟು ಹೋಗಿಲ್ಲ. ತಂತ್ರಜ್ಞಾನಕ್ಕೆ ಹಾಕಿದ ದುಡ್ಡು ಪುಸ್ತಕ ಉಳಿಸಿಕೊಳ್ಳುವುದಕ್ಕೇ ಆಯಿತು.

ಕನ್ನಡ ಪುಸ್ತಕಗಳೂ ಇಲ್ಲಿ ಬೇಕಾದಷ್ಟಿವೆ. ಅವು ಬಂದ ಕಥೆಯೂ ದೊಡ್ಡದು. ಪಿಎಲ್-480 ಅಂತ ಅಮೆರಿಕದ ಕಾನೂನಿತ್ತು, ನಮ್ಮ ಹಿಂದಿನ ತಲೆಮಾರು ರೇಷನ್ ಅಂಗಡಿ ಮುಂದೆ ಕ್ಯೂ ನಿಂತು ತಂದ ಗೋಧಿಯ ಕಾನೂನು. ಆ ಗೋಧಿಗೆ ಭಾರತ ರೂಪಾಯಿಯಲ್ಲೇ ದುಡ್ಡು ಕೊಡುತ್ತಿತ್ತು. ಹಾಗೆ ಸೇರಿದ ರೂಪಾಯಿಯಲ್ಲಿ ಒಂದಷ್ಟನ್ನು 1962ರಿಂದ ಅಮೆರಿಕದ ಸಂಸತ್ತಿನ ದೊಡ್ಡ ಲೈಬ್ರರಿಯಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ನಮ್ಮ ಭಾಷೆಗಳ ಪುಸ್ತಕ ಕೊಳ್ಳಲು ಬಳಸಿ, ಒಂದೊಂದಕ್ಕೂ ಹಲವು ಪ್ರತಿ ತೆಗೆದುಕೊಂಡು ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಹಾಗಾಗಿ ಧಾರವಾಡದಲ್ಲಿ ಅಚ್ಚಾದ, ಎರಡೂವರೆ ರೂಪಾಯಿ ಬೆಲೆಯ ಕವನ ಸಂಕಲನವೊಂದು ಗಟ್ಟಿ ರಟ್ಟಿನ ಬೈಂಡು ಹಾಕಿಸಿಕೊಂಡು ಇಲ್ಲಿ ಕೂತಿದೆ. ಹಾಳೆ ಹಳದಿಯಾಗಿದೆ, ಆದರೆ ಒಂದು ಪುಟವೂ ಕಿತ್ತಿಲ್ಲ. ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, 1993ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿ ಪಾಠ ಮಾಡಿದ ಕವಿ, ಅನುವಾದಕ ಎ.ಕೆ. ರಾಮಾನುಜನ್ ಅವರ ಕಾಗದಪತ್ರಗಳೂ ಇದೇ ಲೈಬ್ರರಿಯ ವಿಶೇಷ ಸಂಗ್ರಹದಲ್ಲಿವೆ.

ನನಗೆ ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಕಟ್ಟಡ ಅಲ್ಲ, ಜನ. ದಕ್ಷಿಣ ಏಷ್ಯಾದ ಪುಸ್ತಕಗಳಿಗೇ ಅಂತ ಬೇರೆ ಲೈಬ್ರೇರಿಯನ್ ಇದ್ದಾರೆ. ಇಂಥ ಪತ್ರಿಕೆಯ ಹಳೇ ಸಂಚಿಕೆ ಬೇಕು ಅಂತ ಮೇಲ್ ಹಾಕಿದರೆ ಎಲ್ಲಿದೆ, ಯಾರ ಹತ್ತಿರ ಮೈಕ್ರೋಫಿಲ್ಮ್ ಇದೆ, ತರಿಸಬಹುದಾ ಅಂತ ಉತ್ತರ ಬರುತ್ತದೆ. ಇಲ್ಲದಿದ್ದರೆ ಬೇರೆ ವಿಶ್ವವಿದ್ಯಾಲಯದಿಂದ ತರಿಸಿಕೊಡುತ್ತಾರೆ. ನಮ್ಮಲ್ಲೂ ಇಂಥ ಲೈಬ್ರೇರಿಯನ್‌ಗಳು ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಕಾರ್ಡು ನೋಡದೇ ಪುಸ್ತಕ ಯಾವ ಸಾಲಿನಲ್ಲಿದೆ ಅಂತ ಹೇಳುತ್ತಿದ್ದವರು. ಅಂಥವರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿ ಬಿಟ್ಟು, ಪಕ್ಕದ ಕೋಣೆಗೆ ಇಪ್ಪತ್ತು ಕಂಪ್ಯೂಟರ್ ಹಾಕಿಸಿದರೆ ಅದನ್ನು ಡಿಜಿಟಲ್ ಅನ್ನೋದು ಹೇಗೆ?

ಭಾರತದಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ, ಅದನ್ನು ಹೇಳಲೇಬೇಕು. 'ಒಂದು ದೇಶ ಒಂದು ಚಂದಾ' ಯೋಜನೆಗೆ ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರ ಹತ್ತಿರ 13,000 ಜರ್ನಲ್, ಅಂದರೆ ಸಂಶೋಧನಾ ಪತ್ರಿಕೆ. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ಜರ್ನಲ್ ಸಿಗುವಂತೆ ಮಾಡುವುದು ಇದರ ಉದ್ದೇಶ. ಅಮೆರಿಕದಲ್ಲೇ ಜರ್ನಲ್ ಬೆಲೆ, ಮುಕ್ತ ಪ್ರಕಟಣೆ ವಿಷಯದಲ್ಲಿ ಮಾತು ಮುರಿದು 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಲ್ಸೆವಿಯರ್ ಅನ್ನೋ ದೊಡ್ಡ ಜರ್ನಲ್ ಪ್ರಕಾಶಕರ ಚಂದಾ ನಿಲ್ಲಿಸಿತ್ತು, ಎರಡು ವರ್ಷ ಆದ ಮೇಲೆ ಬೇರೆ ಒಪ್ಪಂದ ಆಯಿತು. ಹಾಗಾಗಿ ಇಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ದುಡ್ಡು ಕೊಟ್ಟರೂ ಇ-ಜರ್ನಲ್ ಎಷ್ಟೋ ಸಲ ಬಾಡಿಗೆ ಮನೆಯೇ, ಚಂದಾ ನಿಂತರೆ ಬಾಗಿಲು ಹಾಕುತ್ತಾರೆ.

ಈಗ ಜರ್ನಲ್ ತರಿಸುವ ಕೆಲಸ ಕೇಂದ್ರ ಸರ್ಕಾರದ ಕಡೆಯಿಂದಲೇ ನಡೆಯುತ್ತದೆ. ಹಾಗಾದರೆ ಮೈಸೂರು, ಧಾರವಾಡ, ಬೆಂಗಳೂರು, ಕಲಬುರಗಿ, ಹಂಪಿಯ ಲೈಬ್ರರಿಗಳು ಏನು ಮಾಡಬೇಕು? ಜಗತ್ತಿನಲ್ಲಿ ತಮ್ಮ ಹತ್ತಿರ ಮಾತ್ರ ಇರುವುದನ್ನು ಜಗತ್ತಿಗೆ ಕೊಡಬೇಕು. ನನ್ನ ಪ್ರಕಾರ ಇನ್ನು ಮುಂದೆ ಅವುಗಳ ಮುಖ್ಯ ಕೆಲಸ ಇದೇ. ಸ್ಥಳೀಯ ಪತ್ರಿಕೆಗಳು, ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಪುಸ್ತಕಗಳು, ವಿಚಾರ ಸಂಕಿರಣದ ಪ್ರಬಂಧಗಳು, ಎಂ.ಫಿಲ್, ಪಿಎಚ್.ಡಿ ಪ್ರಬಂಧಗಳು, ಹಸ್ತಪ್ರತಿಗಳು. ಇವನ್ನು ಎಲ್ಸೆವಿಯರ್ ಬಂದು ಕೊಡುವುದಿಲ್ಲ.

ಪಿಎಚ್.ಡಿ ಪ್ರಬಂಧಗಳಿಗೆ ಶೋಧಗಂಗಾ ಅನ್ನೋ ಆನ್‌ಲೈನ್ ಸಂಗ್ರಹ ಇದೆಯಲ್ಲ ಅನ್ನಬಹುದು. ಇದೆ, ದೊಡ್ಡ ಉಪಕಾರ. ಆದರೆ ಕನ್ನಡದ ಪ್ರಬಂಧವೊಂದನ್ನು ಅಲ್ಲಿ ತೆರೆದು ನೋಡಿ. ಶೀರ್ಷಿಕೆ ಪುಟಕ್ಕೆ ಒಂದು ಪಿಡಿಎಫ್, ಪ್ರಮಾಣಪತ್ರಕ್ಕೆ ಇನ್ನೊಂದು, ಅಧ್ಯಾಯಕ್ಕೊಂದೊಂದು. ಒಂದೊಂದಾಗಿ ಇಳಿಸಿಕೊಳ್ಳಬೇಕು. ಅದು ಹೋಗಲಿ. ಎಷ್ಟೋ ಪ್ರಬಂಧಗಳು ಟೈಪಾಗಿರುವುದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ, ಅಲ್ಲದ ಹಳೇ ನುಡಿ ಫಾಂಟಿನಲ್ಲಿ. ಪರದೆಯ ಮೇಲೆ ಚೆನ್ನಾಗಿಯೇ ಕನ್ನಡ ಕಾಣಿಸುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು ಎಲ್ಲ ಕಲಸಿಹೋಗಿರುತ್ತದೆ. ಅಂದರೆ ಪ್ರಬಂಧದೊಳಗೆ 'ಕೆರೆ' ಅಂತ ಹುಡುಕಿದರೆ ಸಿಗೋದಿಲ್ಲ. ಗೂಗಲ್‌ಗೂ ಸಿಗೋದಿಲ್ಲ. ಐದು ವರ್ಷ ಊರೂರು ಅಲೆದು ಕೆರೆಗಳ ಬಗ್ಗೆ ಬರೆದವರ ಕೆಲಸ ಇಂಟರ್‌ನೆಟ್‌ನಲ್ಲಿ ಇದ್ದೂ ಇಲ್ಲದಂತೆ. ಇದನ್ನು ಸರಿ ಮಾಡಲು ಆ ಫಾಂಟನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಕೂತು ಮಾಡಿಸುವ, ತಪ್ಪು ನೋಡುವ ಒಬ್ಬ ಲೈಬ್ರೇರಿಯನ್ ಬೇಕು, ಅಷ್ಟೇ.

ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಆನ್‌ಲೈನ್ ಹಾಕುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಆದದ್ದು ಇನ್ನೂ ದೊಡ್ಡ ಪಾಠ. ನಮ್ಮ ಐಐಎಸ್‌ಸಿ ಮುಂದೆ ನಿಂತು ನಡೆಸಿದ ಯೋಜನೆ ಅದು. ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಆಯಿತು, ಕನ್ನಡದ್ದೂ ಸೇರಿ. ಆದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದವರಿಗೆ ಕನ್ನಡ ಗೊತ್ತಿತ್ತಾ ಅನ್ನೋ ಅನುಮಾನ ಬರುವಷ್ಟು ತಪ್ಪುಗಳು. ಎಷ್ಟೋ ಕಡೆ ಪುಟವೇ ಬಿಟ್ಟುಹೋಗಿದೆ. ಕೊನೆಗೆ ಆ ಸೈಟೇ ನಿಂತುಹೋಯಿತು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪ್ರತಿ ಹಾಕಿಟ್ಟವರ ಪುಣ್ಯದಿಂದ ಇವತ್ತು ಆ ಪುಸ್ತಕಗಳು ಓದಲು ಸಿಗುತ್ತಿವೆ. ಸ್ಕ್ಯಾನ್ ಮಾಡಿದಲ್ಲಿಗೆ ಕೆಲಸ ಮುಗಿಯಲಿಲ್ಲ, ನೋಡಿಕೊಳ್ಳುವ ಒಂದು ಮನೆ ಬೇಕಿತ್ತು. ವಿಶ್ವವಿದ್ಯಾಲಯದ ಲೈಬ್ರರಿಗಿಂತ ಒಳ್ಳೆಯ ಮನೆ ಅದಕ್ಕೆ ಯಾವುದಿದೆ ಹೇಳಿ.

ನಮ್ಮವರ ಕೈಲಿ ಆಗೋದಿಲ್ಲ ಅಂತ ಯಾರೂ ಹೇಳಬೇಡಿ. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅದರ ಲೇಖನಗಳನ್ನು ಇವತ್ತು ಕನ್ನಡ ವಿಕಿಸೋರ್ಸ್‌ನಲ್ಲಿ ಯಾರು ಬೇಕಾದರೂ ಓದಬಹುದು, ಹುಡುಕಬಹುದು, ಬಳಸಬಹುದು. ನನ್ನಂಥವನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಹೇಳೋಕೆ ಮಾತು ಸಾಲದು. ಅದೇ ದಾರಿಯಲ್ಲಿ 1919ರಲ್ಲಿ ಶುರುವಾದ ಸಾಹಿತ್ಯ ಪತ್ರಿಕೆ 'ಪ್ರಬುದ್ಧ ಕರ್ಣಾಟಕ'ದ ಹಳೇ ಸಂಚಿಕೆಗಳು ಒಂದೂ ಬಿಡದಂತೆ, ಲೇಖನದ ಹೆಸರು ಕನ್ನಡದಲ್ಲೇ ಹಾಕಿ, ವಿಶ್ವವಿದ್ಯಾಲಯದ ಸೈಟಿನಲ್ಲೇ ಸಿಗಲಿ. ಕಾಪಿರೈಟ್ ಅಡ್ಡ ಬರುತ್ತದೆ ಅನ್ನೋದು ಎಲ್ಲ ಕಡೆಯೂ ನಿಜ ಅಲ್ಲ. ಲೇಖಕರು ತೀರಿಕೊಂಡು 60 ವರ್ಷ ಆದರೆ ನಮ್ಮ ಕಾನೂನಿನಲ್ಲಿ ಹಕ್ಕು ಮುಗಿಯುತ್ತದೆ. ಬಿಎಂಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ಬರಹಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಓದುವ ಕೋಣೆಯ ವಿಷಯ ಒಂದಿದೆ. ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು ಲೈಬ್ರರಿಯಲ್ಲಿ ಸುಮ್ನೆ ಜಾಗ ಹಿಡಿದು ಕೂರುತ್ತಾರೆ, ಪುಸ್ತಕ ಮುಟ್ಟೋದೇ ಇಲ್ಲ ಅಂತ ದೂರುತ್ತಾರೆ. ಕೂರಲಿ ಬಿಡಿ. ಕೆಎಎಸ್‌ಗೋ ಪಿಡಿಒ ಹುದ್ದೆಗೋ ಓದುವ ಹುಡುಗಿಗೆ ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಜನ, ಬಾಡಿಗೆ ಮನೆಯಲ್ಲಿ ಟಿವಿ ಸದ್ದು. ಫ್ಯಾನು, ಬೆಳಕು, ವೈಫೈ, ಶೌಚಾಲಯ, ರಾತ್ರಿ ಹತ್ತರವರೆಗೆ ತೆರೆದ ಬಾಗಿಲು, ಇದನ್ನು ಕೊಡುವುದು ಲೈಬ್ರರಿಯ ಕೆಲಸವೇ. ರೀಗನ್‌ಸ್ಟೈನ್‌ನಲ್ಲೂ ಪರೀಕ್ಷೆ ಸಮಯದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮಧ್ಯರಾತ್ರಿಯಾದರೂ ಮಕ್ಕಳು ಕೂತಿರುತ್ತಾರೆ, ಅವರನ್ನು ಯಾರೂ ಏಳಿಸುವುದಿಲ್ಲ. ನಮ್ಮಲ್ಲಿ ಸ್ವಂತ ಪುಸ್ತಕ ಒಳಗೆ ತರಬಾರದು, ಬ್ಯಾಗು ಹೊರಗಿಡಬೇಕು ಅನ್ನೋ ನಿಯಮ ಇನ್ನೂ ಎಷ್ಟೋ ಕಡೆ ಇದೆ. ಅದನ್ನು ತೆಗೆದುಹಾಕಲು ದುಡ್ಡೇನೂ ಬೇಡ.

ದುಡ್ಡು ಬೇಡದ ಇನ್ನೊಂದು ಕೆಲಸವೂ ಇದೆ. ಈ ವರ್ಷದಿಂದ ಸಲ್ಲಿಸುವ ಕನ್ನಡದ ಪ್ರತಿ ಪಿಎಚ್.ಡಿ ಪ್ರಬಂಧ ಯೂನಿಕೋಡ್‌ನಲ್ಲೇ ಇರಬೇಕು, ಒಂದೇ ಪಿಡಿಎಫ್‌ನ ಒಂದು ಪ್ರತಿ ವಿಶ್ವವಿದ್ಯಾಲಯದ ಲೈಬ್ರರಿಯಲ್ಲೂ ಇರಬೇಕು ಅಂತ ಕುಲಸಚಿವರು ಒಂದು ಸುತ್ತೋಲೆ ಹೊರಡಿಸಲಿ. ಹಳೆಯದನ್ನು ನಿಧಾನಕ್ಕೆ ಸರಿ ಮಾಡೋಣ, ಹೊಸದಾದರೂ ಹುಡುಕಿದರೆ ಸಿಗುವಂತಿರಲಿ.