ಕ್ಲಾಸ್ ಗ್ರೂಪಿಗೆ ಬಿದ್ದ ಎಕ್ಸೆಲ್ ಶೀಟು

ಹೋದ ವಾರ ತಂಗಿ ಮಗಳು ಧಾರವಾಡದಿಂದ ಹುಬ್ಬಳ್ಳಿಗೆ, ನಮ್ಮನೆಗೆ ಬಂದಿದ್ದಳು. ಊಟಕ್ಕೆ ಕುಳಿತರೆ ಅವಳ ಮೊಬೈಲ್ ಸುಮ್ಮನಿರಲಿಲ್ಲ. ಯಾರದು ಅಂತ ಕೇಳಿದೆ. "ಗೊತ್ತಿಲ್ಲ ಮಾಮಾ, ಮಂಗಳವಾರದಿಂದ ಹಿಂಗ ಬರಾಕತ್ತಾವ. ಒಬ್ಬಾಂವ ಕೋಚಿಂಗ್ ಅಂತಾನ, ಇನ್ನೊಬ್ಬಾಂವ ಸ್ಕಾಲರ್‌ಶಿಪ್ ರೊಕ್ಕ ಬಂದೈತಿ, ಓಟಿಪಿ ಹೇಳು ಅಂತಾನ."

ಅವಳು ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದು ಇವರಿಗೆ ಹೇಗೆ ಗೊತ್ತು? ಕ್ಲಾಸ್ ಗ್ರೂಪ್ ತೆರೆದು ತೋರಿಸಿದಳು. ಸೋಮವಾರ ಕಾಲೇಜು ಆಫೀಸಿನಿಂದ ಒಂದು ಎಕ್ಸೆಲ್ ಶೀಟು ಬಿದ್ದಿತ್ತು, 'ಡಿಟೇಲ್ಸ್ ಚೆಕ್ ಮಾಡಿಕೊಳ್ಳಿ' ಅಂತ. ಹೆಸರು, ಜಾತಿ, ಮನೆಯ ಆದಾಯ, ಬ್ಯಾಂಕ್ ಖಾತೆ, ಮೊಬೈಲ್, ಕೊನೆಯ ಕಾಲಮ್ಮಿನಲ್ಲಿ ಆಧಾರ್‌ನ ಪೂರ್ತಿ 12 ಅಂಕಿ. ಕರೆಗಳು ಅಲ್ಲಿಂದಲೇ ಬಂದವು ಅಂತ ಸಾಬೀತು ಮಾಡಲು ನನ್ನಿಂದಾಗದು. ಸೋಮವಾರ ಶೀಟು, ಮಂಗಳವಾರದಿಂದ ಕರೆ. ನೀವೇ ಲೆಕ್ಕ ಹಾಕಿ ನೋಡಿ.

ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ಅವಳ ಗೆಳತಿಯ ಅಪ್ಪ ಹಮಾಲಿ. ಮನೆಯ ಆದಾಯ ಎಷ್ಟು ಅಂತ ಈಗ ಇಡೀ ಕ್ಲಾಸಿಗೆ ಗೊತ್ತು. ಆ ಹುಡುಗಿ ಅವತ್ತೇ ಗ್ರೂಪ್ ಬಿಟ್ಟಳು. ಪರೀಕ್ಷೆ ಫೀಸಿನ ನೋಟಿಸೂ ಅದೇ ಗ್ರೂಪಿಗೆ ಬರುತ್ತದೆ.

ಕಾಲೇಜು ಆಫೀಸಿಗೆ ಫೋನ್ ಮಾಡಿದೆ. "ಅದರಾಗೇನೈತ್ರೀ ಸರ, ನಮ್ಮ ಹುಡುಗರ ಗ್ರೂಪ್ ಅಲ್ಲೇನ್ರೀ" ಅಂದರು ಕ್ಲರ್ಕ್. ಅವರ ಮೇಲೆ ಸಿಟ್ಟಿಲ್ಲ. ನೂರಾರು ಅರ್ಜಿ, ಮುಗಿಯಲು ಬಂದ ಕೊನೆಯ ದಿನಾಂಕ, ಸ್ವಂತ ಮೊಬೈಲು. ಯಾರೂ ಅವರಿಗೆ ಏನೂ ಕಲಿಸಿಲ್ಲ. ಕಲಿಸಬೇಕಾದದ್ದು ಆಡಳಿತ ಮಂಡಳಿ. ಕ್ಲರ್ಕ್ ತಮ್ಮ ಮೊಬೈಲಿಂದ ಕಳಿಸಿದರೂ ಹೊಣೆ ಕಾಲೇಜಿನದೇ ಅಲ್ವಾ?

ಕಾನೂನು ಇಲ್ಲ ಅನ್ನುವ ಹಾಗಿಲ್ಲ. ಆಧಾರ್ ನಂಬರನ್ನು ಬಹಿರಂಗವಾಗಿ ಹಾಕಬಾರದು ಅಂತ 2016ರ ಆಧಾರ್ ಕಾಯ್ದೆಯಲ್ಲೇ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು. ಮಾಹಿತಿ ಯಾಕೆ ಬೇಕು ಅಂತ ಹೇಳಿ ತಗೋಬೇಕು, ಜೋಪಾನ ಮಾಡಬೇಕು, ಸೋರಿದರೆ ಯಾರ ಮಾಹಿತಿ ಸೋರಿತೋ ಅವರಿಗೆಲ್ಲ ತಿಳಿಸಬೇಕು. 18 ತುಂಬದವರದಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಪಿಯು ಕಾಲೇಜಿನವರು ಇದನ್ನು ಎರಡು ಸಲ ಓದಲಿ. ಜೋಪಾನ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಮುಖ್ಯ ಹೊಣೆಗಳಿಗೆ 18 ತಿಂಗಳ ವಾಯಿದೆ ಕೊಟ್ಟಿದ್ದಾರೆ. ನಮ್ಮ ಕಡೆ ವಾಯಿದೆ ಅಂದರೆ ಮರೆಯಲಿಕ್ಕೆ ಸಿಕ್ಕ ರಜೆ.

ನಾವು ಓದುವಾಗಲೂ ಪಟ್ಟಿ ಹಚ್ಚುತ್ತಿದ್ದರು, ಗಾಜಿನ ನೋಟಿಸ್ ಬೋರ್ಡಿನೊಳಗೆ. ರೋಲ್ ನಂಬರ್, ಹೆಸರು, ಅಷ್ಟೇ. ಓದಬೇಕಂದರೆ ಅಲ್ಲಿಗೇ ಹೋಗಿ ಕತ್ತು ಚಾಚಬೇಕಿತ್ತು.

ಎರಡು ದಿನ ಬಿಟ್ಟು ಶೀಟು ಅಳಿಸಿದರು. ಅಷ್ಟರೊಳಗೆ ಎಷ್ಟು ಮೊಬೈಲಿಗೆ ಇಳಿದಿತ್ತೋ! ಕಾಲೇಜಿಗೆ ದೂರು ಕೊಡಲು ಹೋದೆವು. ಅರ್ಜಿ ಜೊತೆ ಆಧಾರ್ ಜೆರಾಕ್ಸ್ ಹಚ್ಚಬೇಕಂತೆ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೆಗೆಸಿ ಹಚ್ಚಿದೆವು. ಕ್ಲರ್ಕ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಪೂರ್ತಿ ನಂಬರ್ ಕಾಣವಲ್ದಲ್ರೀ ಸರ?"