ಗಂಡಸರನ್ನು ಮಾತಾಡಿಸಲು ಗಂಡಸೇ ಹೋಗಬೇಕಾ?

ಗಂಡಸುತನದ ಬಗ್ಗೆ ಸಂಶೋಧನೆ ಮಾಡುವವರು ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಗೂ ಬರುತ್ತಾರೆ. ಭಾಷೆ ಗೊತ್ತಿರುವವರು ಬೇಕಲ್ವಾ, ಹಾಗಾಗಿ ನನ್ನಂಥವರು ಜೊತೆಗೆ ಹೋಗುತ್ತೇವೆ. ಮೈಸೂರಿನಲ್ಲಿ ಓದುವಾಗ ಮಂಡ್ಯದ ಹಳ್ಳಿಗಳಲ್ಲೂ ಇದೇ ಕೆಲಸ ಮಾಡಿದ್ದೆ. ಎರಡೂ ಕಡೆ ಕೇಳಿದ ಸಲಹೆ ಒಂದೇ: ಗಂಡಸರ ಹತ್ತಿರ ಗಂಡಸನ್ನೇ ಕಳಿಸಿ, ಮನಸ್ಸು ಬಿಚ್ಚಿ ಮಾತಾಡುತ್ತಾರೆ. ನನಗೆ ಇದರಲ್ಲಿ ನಂಬಿಕೆಯಿಲ್ಲ.

ಗಲ್ಫಿನಿಂದ ವಾಪಸಾದವರನ್ನೇ ನೋಡಿ. ಗಂಡಸು ಹೋಗಿ ಜಗಲಿಯಲ್ಲಿ ಕೂತರೆ ವೀಸಾ, ಸಂಬಳ, ಅಲ್ಲಿನ ಬಿಸಿಲು, ರಾಜಕೀಯ ಎಲ್ಲ ಬರುತ್ತದೆ. ಸಂಬಳ ಸ್ವಲ್ಪ ಜಾಸ್ತಿಯೇ ಆಗಿರುತ್ತದೆ. ಅಷ್ಟು ವರ್ಷ ಮನೆ ನಡೆಸಿದ್ದು ಹೆಂಡತಿ, ಈಗ ತನ್ನ ಮಾತಿಗೆ ಅಲ್ಲಿ ಬೆಲೆ ಎಷ್ಟು ಅನ್ನುವುದು ಮಾತ್ರ ಬರುವುದಿಲ್ಲ. ಹೆಣ್ಣುಮಗಳು ಕೇಳಿದರೆ ಅದೇ ಮನುಷ್ಯ ಕುಟುಂಬಕ್ಕಾಗಿ ಸವೆದ ಕಥೆ ಹೇಳುತ್ತಾನೆ. ಆ ಕಥೆ ಸುಳ್ಳಲ್ಲ. ಆದರೆ ಎರಡು ಕಡೆಯೂ ವೇಷ ಉಂಟು.

ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮೈಕಲ್ ಶ್ವಾಲ್ಬೆ ಮತ್ತು ಮಿಶೆಲ್ ವೊಲ್ಕೊಮಿರ್ 2001ರಲ್ಲೇ ಇದನ್ನು ಬರೆದಿದ್ದಾರೆ. ಸಂದರ್ಶನ ಅಂದರೆ ಗಂಡಸಿಗೆ ತಾನು ಗಂಡಸು ಅಂತ ತೋರಿಸುವ ಅವಕಾಶವೂ ಹೌದು, ಆ ಗಂಡಸುತನಕ್ಕೆ ಬರುವ ಅಪಾಯವೂ ಹೌದು. ಅದಕ್ಕೇ ಆತ ಮಾತಿನ ಲಗಾಮು ತನ್ನ ಕೈಗೆ ತೆಗೆದುಕೊಳ್ಳಲು ನೋಡುತ್ತಾನೆ. ಆತ ಪ್ರಶ್ನೆಯಿಂದ ಹೇಗೆ ತಪ್ಪಿಸಿಕೊಂಡ ಅನ್ನುವುದನ್ನೂ ಬರೆದುಕೊಳ್ಳಿ ಅನ್ನುತ್ತಾರೆ ಅವರು.

ಮಂಡ್ಯದಲ್ಲಿ ಆ ಲಗಾಮು ಕಣ್ಣಿಗೆ ಕಾಣುತ್ತಿತ್ತು. ಸಂಶೋಧಕಿ ಕೂರುವ ಮೊದಲೇ ಯಾವೂರು, ಯಾರ ಮಗಳು, ಮದುವೆ ಆಗಿದೆಯಾ ಅಂತ ಅವಳದ್ದೇ ಸಂದರ್ಶನ ಆಗುತ್ತಿತ್ತು. ಆಮೇಲೆ ಹೆಂಗಸರ ಮಾತು ನಾವ್ಯಾಕೆ ಕೇಳಬೇಕು ಅಂತ ಅವಳ ಮುಖಕ್ಕೇ ಹೇಳಿದವರೂ ಇದ್ದರು.

ಇಲ್ಲಿ ಹಾಗಲ್ಲ. ಹೆಂಗಸರು ಪುಸ್ತಕ ಹಿಡಿದು ಮನೆಗೆ ಬರುವುದು ಮಾಮೂಲು. ಕೇರಳದಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳ ಕುಟುಂಬಶ್ರೀ ಶುರುವಾದದ್ದು 1998ರಲ್ಲಿ. ಈಗ ಆಶಾ ಕಾರ್ಯಕರ್ತೆಯರು, ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮಸೇನೆ, ಎಲ್ಲ ಇದ್ದಾರೆ. ನಮ್ಮ ಗಂಡಸರು ಸಂಶೋಧಕಿಗೂ ಫಾರಂ ತುಂಬಿಸಿದ ಹಾಗೆ ಉತ್ತರ ಕೊಡುತ್ತಾರೆ. ನಮ್ಮಲ್ಲಿ ಎಲ್ಲ ಸಮಾನ ಮೇಡಂ, ಬೇರೆ ಏನು ಬೇಕು? ಸರಿಯಾದ ಉತ್ತರ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತು. ಒಳಗಿನಿಂದ ಚಹಾ ತರುವುದು ಮಾತ್ರ ಹೆಂಡತಿ.

ಇನ್ನೊಂದು ವಿಷಯ ಮಂಡ್ಯದಲ್ಲಿ ಇರಲೇ ಇಲ್ಲ: ಭಾಷೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಕಚೇರಿಯ ಮಲಯಾಳ ಒಂದು ಪರೀಕ್ಷೆ. ಮನೆಯಲ್ಲಿ ತುಳುವಿನಲ್ಲಿ ಗುಡುಗುವ ಯಜಮಾನ, ತಿರುವನಂತಪುರದ ಸಂಶೋಧಕನ ಮುಂದೆ ಅರ್ಜಿ ಹಿಡಿದು ನಿಂತವನ ಹಾಗೆ ಆಗುತ್ತಾನೆ. ಕೇಳುವವನೂ ಗಂಡಸು, ಹೇಳುವವನೂ ಗಂಡಸು, ಆದರೆ ಸರಿಸಮ ಅಲ್ಲ. ಗಂಡಸುತನ ಒಂದೇ ಅಲ್ಲ, ಗಂಡಸರ ನಡುವೆಯೇ ಮೇಲು ಕೀಳು ಉಂಟು ಅಂತ ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ರೇವಿನ್ ಕಾನೆಲ್ ಹೇಳಿದ್ದು ಇದನ್ನೇ ಅಲ್ವಾ? ಅದೇ ಪ್ರಶ್ನೆಯನ್ನು ತುಳು ಬಲ್ಲ ಹುಡುಗಿ ಕೇಳಿದಾಗ ಆತ ಸಲೀಸಾಗಿ ಮಾತಾಡಿದ್ದನ್ನು ನೋಡಿದ್ದೇನೆ.

ಇಲ್ಲೇ ಎಣ್ಮಕಜೆಯಲ್ಲಿ, ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರ ಮನೆಗಳ ಕಥೆ ಬೇರೆ. ಅಲ್ಲಿನವರಿಗೆ ಸಂದರ್ಶನ ಅಂದರೆ ಸಾಕಾಗಿ ಹೋಗಿದೆ. ಟಿವಿಯಲ್ಲಿ, ಧರಣಿಯಲ್ಲಿ ಹೆಚ್ಚಾಗಿ ಕಾಣುವುದು ತಾಯಂದಿರು. ಅಪ್ಪಂದಿರು ಅಂಗಳದಲ್ಲಿ ನಿಂತಿರುತ್ತಾರೆ. ಅವರನ್ನು ಪ್ರತ್ಯೇಕ ಕೂರಿಸಿ ನಿಮ್ಮ ದುಃಖ ಹೇಳಿ ಅಂದರೆ ಏನೂ ಹೇಳುವುದಿಲ್ಲ. ತಾಯಿಯ ಜೊತೆ ಮಾತಾಡುತ್ತಿದ್ದರೆ, ಆಸ್ಪತ್ರೆಗೆ ಹೋದ ವರ್ಷ ತಪ್ಪಾಯಿತು ಅಂತ ತಿದ್ದಲು ಬರುತ್ತಾರೆ, ಆಮೇಲೆ ನಿಲ್ಲಿಸುವುದಿಲ್ಲ. ಒಬ್ಬರನ್ನೇ ಕೂರಿಸಿ ಕೇಳಬೇಕು ಅನ್ನುವ ನಿಯಮ ಇಲ್ಲಿ ಸುಮ್ನೆ ಅಡ್ಡ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಬರುವ ವರದಿಯಲ್ಲಿ ಏನಿರುತ್ತದೆ? ಪುರುಷ, ವಯಸ್ಸು, ಗಲ್ಫಿನಿಂದ ವಾಪಸು. ಯಾವ ಭಾಷೆಯಲ್ಲಿ ಕೇಳಿದ್ದು, ಕೇಳಿದವರು ಗಂಡೋ ಹೆಣ್ಣೋ, ಹೆಂಡತಿ ಬಾಗಿಲ ಹತ್ತಿರ ಇದ್ದಳೋ ಇಲ್ಲವೋ, ಒಂದಕ್ಷರವೂ ಇರುವುದಿಲ್ಲ.